ಏನಾದರೂ ಸರಿ ಎನ್ನುವವರು

ಇಪ್ಪತ್ತಾರು ಜಾಗಗಳಿಗೆ ಐದು ಜನ ಅಂಕ ಕೊಡಬೇಕಾಗಿತ್ತು. ಸೊನ್ನೆ ಎಂದರೆ ಬೇಡ, ಹತ್ತು ಎಂದರೆ ಬೇಕೇ ಬೇಕು. ಊಟದ ಮೇಜಿನ ಸುತ್ತ ಕುಳಿತು ಮನೆಯವರೆಲ್ಲ ಫೋನಿನ ಮೇಲೆ ಬೆರಳಾಡಿಸುತ್ತಿದ್ದರು. ಮಗಳು ಮಾತ್ರ ತನ್ನದನ್ನು ಮೊದಲೇ ಮುಗಿಸಿ ಗೋಡೆಗೊರಗಿ ನಿಂತು, ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ನೋಡುವ ಹಾಗೆ ಎಲ್ಲರನ್ನೂ ನೋಡುತ್ತಿದ್ದಳು.

ಅವಳು ಪ್ರವಾಸ ಕಂಪನಿಯೊಂದರಲ್ಲಿ ಗಣಿತದ ಕೆಲಸ ಮಾಡುತ್ತಿದ್ದಳು. ಪ್ರವಾಸಿಗೆ ಏನು ಇಷ್ಟ, ಯಾವ ಜಾಗ ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸಮಯ ಬೇಕು, ಇಷ್ಟನ್ನು ಕೊಟ್ಟರೆ ಇರುವ ದಿನಗಳಲ್ಲಿ ಅತಿ ಹೆಚ್ಚು ತೃಪ್ತಿ ಸಿಗುವ ಹಾಗೆ ಜಾಗಗಳನ್ನು ಆರಿಸಿ ಸಾಲಾಗಿ ಜೋಡಿಸಿಕೊಡುವ ಪ್ರೋಗ್ರಾಂ ಅವಳದು. ಒಬ್ಬರೇ ಹೋಗುವವರಿಗೆ ಅದು ಆಗಲೇ ಚೆನ್ನಾಗಿ ನಡೆಯುತ್ತಿತ್ತು. ಈಗ ಕುಟುಂಬಗಳಿಗೂ ಶುರುಮಾಡಬೇಕಿತ್ತು. ಮೊದಲ ಪ್ರಯೋಗಕ್ಕೆ ಅವಳು ತನ್ನ ಮನೆಯವರನ್ನೇ ಹಿಡಿದಿದ್ದಳು.

"ಲೇ ಪುಟ್ಟಿ, ಈ ಗಾಜಿನ ಮನೆಗೆ ಸೊನ್ನೆ ಕೊಟ್ರೆ ನಿಮ್ಮತ್ತಿಗೆ ನನಗೆ ಊಟ ಹಾಕ್ತಾಳೋ ಇಲ್ವೋ?" ಎಂದ ಅಪ್ಪ.

"ಹಾಕ್ತೀನಿ ಮಾವ. ಉಪ್ಪು ಹಾಕಲ್ಲ ಅಷ್ಟೆ," ಎಂದಳು ಅತ್ತಿಗೆ, ಫೋನಿನಿಂದ ತಲೆ ಎತ್ತದೆ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಗಾಜಿನ ಮನೆಯ ಗಿಡಗಳಿಗೆ ಅವಳು ಆಗಲೇ ಹತ್ತು ಕೊಟ್ಟಾಗಿತ್ತು.

ಅಪ್ಪ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಬಹುಕಾಲ ಅಲ್ಲಿನ ಯೂನಿಯನ್ ಮುಖಂಡ. ಕೋಟೆಗೆ ಹತ್ತು, ಹಳೆಯ ರೈಲು ಎಂಜಿನ್‌ಗಳನ್ನಿಟ್ಟ ಯಾರ್ಡಿಗೆ ಹತ್ತು, ನೌಕಾಪಡೆಯ ಹಡಗಿಗೆ ಹತ್ತು ಕೊಟ್ಟು, ಉಳಿದ ಎಲ್ಲಕ್ಕೂ ಸೊನ್ನೆ ಒತ್ತಿ ಫೋನನ್ನು ಮಗುಚಿಟ್ಟ. "ಮಾತುಕತೆಗೆ ಕೂತಾಗ ಬೇಕಾದ್ದನ್ನ ಮಾತ್ರ ಕೇಳ್ಬೇಕು. ಮಿಕ್ಕಿದ್ದರ ಕಡೆ ತಿರುಗಿ ಕೂಡ ನೋಡಬಾರದು," ಎಂದು ಹಲ್ಲಿನ ಡಾಕ್ಟರಾದ ಮಗನಿಗೆ ಪಾಠ ಹೇಳಿದ.

"ನಾನು ಎಲ್ಲಾ ಹಲ್ಲನ್ನೂ ನೋಡೋನು ಅಪ್ಪ, ನನಗೆ ಆಗಲ್ಲ," ಎಂದ ಅಣ್ಣ. ಅವನದು ಎರಡು, ನಾಲ್ಕು, ಏಳು ಎಂದು ಬಿಡಿಬಿಡಿಯಾಗಿ ಸಾಗಿತ್ತು.

ಅಮ್ಮ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಒತ್ತುತ್ತಿದ್ದಳು. ಪಟ್ಟಿಯ ನಡುವೆ ಎಲ್ಲೋ 'ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಹಾಲ್' ಎಂದಿತ್ತು. ಅವಳು ಕಾಯುತ್ತಿದ್ದದ್ದು ಅದಕ್ಕೆ.

ಮದುವೆಗೆ ಮುಂಚೆ ಅಮ್ಮ ಆ ಹಾಲಿನಲ್ಲಿ ಆಪರೇಟರ್ ಆಗಿದ್ದಳು. ಮಕ್ಕಳಿಗೆ ಇದು ಒಂದು ಸಾಲಿನ ಸಂಗತಿಯಾಗಿ ಗೊತ್ತಿತ್ತು: ಅಮ್ಮ ಮೊದಲು ಫೋನ್ ಆಫೀಸಿನಲ್ಲಿದ್ದಳು. ಯಾವ ಊರು, ಯಾವ ಕಟ್ಟಡ ಎಂದು ಅವರು ಕೇಳಿರಲಿಲ್ಲ. ಕೆಲವು ವಾರಗಳ ಹಿಂದೆ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಎಕ್ಸ್‌ಚೇಂಜ್ ಹಾಲನ್ನು ಈ ಋತು ಮುಗಿಯುತ್ತಲೇ ಮುಚ್ಚಲಾಗುವುದು, ಕಟ್ಟಡ ಹೋಟೆಲಾಗಲಿದೆ. ಅಲ್ಲಿಯವರೆಗೆ ಸಂದರ್ಶಕರು ಹಳೆಯ ಬೋರ್ಡಿನ ಮುಂದೆ ಕುಳಿತು, ವೈರು ಚುಚ್ಚಿ, ಹಾಲಿನ ಆಚೆ ತುದಿಯಲ್ಲಿರುವ ಫೋನಿಗೆ ಕರೆ ಜೋಡಿಸಬಹುದು. ಅಮ್ಮ ಆ ಸುದ್ದಿಯನ್ನು ಎರಡು ಸಲ ಓದಿದಳು. ಮಧ್ಯಾಹ್ನ ಮಗಳ ಹತ್ತಿರ, "ಈ ಸಲ ಎಲ್ಲಾದ್ರೂ ಹೋಗೋದಾದ್ರೆ ಆ ಬಂದರಿನ ಊರಿಗೆ ಹೋಗೋಣ್ವಾ?" ಎಂದಳು. ಸಮುದ್ರ ನೋಡುವ ಆಸೆ ಇರಬೇಕು ಎಂದುಕೊಂಡು ಮನೆಯವರು ಒಪ್ಪಿದರು.

ಅಮ್ಮನಿಗೆ ಬೇಕಾಗಿದ್ದದ್ದು ಇಷ್ಟೆ: ತಾನು ಆ ಬೋರ್ಡಿನ ಮುಂದೆ ಕೂರಬೇಕು, ಗಂಡನೂ ಮಕ್ಕಳೂ ಹಾಲಿನ ಆಚೆ ತುದಿಯಲ್ಲಿ ನಿಂತು ಫೋನ್ ಎತ್ತಬೇಕು, ತಾನು ಕೆಲಸದ ದನಿಯಲ್ಲಿ "ಯಾವ ನಂಬರ್ ಬೇಕು?" ಎಂದು ಕೇಳಬೇಕು. ಆ ದನಿಯನ್ನು ಮಕ್ಕಳು ಕೇಳಿಯೇ ಇರಲಿಲ್ಲ.

ಎಕ್ಸ್‌ಚೇಂಜ್ ಹಾಲಿಗೆ ಅವಳು ಹತ್ತು ಕೊಟ್ಟಳು. ಹತ್ತಕ್ಕೆ ಹತ್ತು ಕೊಟ್ಟ ಮೇಲೆ ಇನ್ನು ಹೇಳುವುದೇನಿದೆ ಎನ್ನುವುದು ಅವಳ ಎಣಿಕೆ. ಆದರೆ ಗಾಜಿನ ಮನೆಗೂ ಹತ್ತು ಕೊಟ್ಟಳು, ಏಕೆಂದರೆ ಸೊಸೆ ಪಕ್ಕದಲ್ಲೇ ಕುಳಿತಿದ್ದಳು. ಯಾರ್ಡಿಗೂ ಹತ್ತು ಕೊಟ್ಟಳು, ಏಕೆಂದರೆ ಗಂಡ ಬಗ್ಗಿ ನೋಡುತ್ತಿದ್ದ. ಅಣ್ಣನಿಗೆ ಇಷ್ಟವಾದ ಆಟದ ಮೈದಾನಕ್ಕೆ ಐದು ಒತ್ತಿದವಳು ಮನಸ್ಸು ಬದಲಿಸಿ ಹತ್ತು ಮಾಡಿದಳು. ಕೊನೆಗೆ ಇಪ್ಪತ್ತಾರಕ್ಕೂ ಹತ್ತು.

"ಅಮ್ಮ ಎಲ್ಲರನ್ನೂ ಫಸ್ಟ್ ಕ್ಲಾಸಲ್ಲಿ ಪಾಸ್ ಮಾಡಿದಾಳೆ ನೋಡ್ರೋ," ಎಂದು ಅಣ್ಣ ನಕ್ಕ.

"ಮನೆ ನಡೆಸೋರು ಇನ್ನು ಹೇಗಪ್ಪಾ ಕೊಡ್ತಾರೆ?" ಎಂದಳು ಅಮ್ಮ. ನಗೆ ಮುಗಿಯಿತು, ಮಗಳು ಎಲ್ಲರ ಅಂಕವನ್ನೂ ಪ್ರೋಗ್ರಾಂಗೆ ಹಾಕಿದಳು.

ಇಲ್ಲಿ ಆ ಪ್ರೋಗ್ರಾಂ ಮಾಡುತ್ತಿದ್ದದ್ದೇನು ಎಂಬುದನ್ನು ಹೇಳಬೇಕು. ಅಂಕ ಕೊಡುವುದರಲ್ಲಿ ಎಲ್ಲರೂ ಒಂದೇ ಥರ ಇರುವುದಿಲ್ಲ. ಒಬ್ಬ ಉದಾರಿ, ಆರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇನ್ನೊಬ್ಬ ಜಿಪುಣ, ತುಂಬ ಇಷ್ಟವಾದದ್ದಕ್ಕೂ ಐದೇ. ಇಬ್ಬರ ಅಂಕಗಳನ್ನು ಹಾಗೇ ಕೂಡಿಸಿದರೆ ಜಿಪುಣನಿಗೆ ಅನ್ಯಾಯ. ಹಾಗಾಗಿ ಮಗಳು ಪ್ರತಿಯೊಬ್ಬರ ಅತಿ ಕಡಿಮೆ ಅಂಕವನ್ನು ಸೊನ್ನೆ ಎಂದೂ ಅತಿ ಹೆಚ್ಚು ಅಂಕವನ್ನು ನೂರು ಎಂದೂ ಮಾಡಿ ನಡುವಿನದನ್ನು ಆ ಅಳತೆಗೆ ಎಳೆಯುತ್ತಿದ್ದಳು. ವಿಧಾನ ನ್ಯಾಯವಾದದ್ದೇ. ಹೆಚ್ಚಿನವರು ಹೀಗೇ ಮಾಡುತ್ತಾರೆ.

ಕಡಿಮೆ ಅಂಕ, ಹೆಚ್ಚು ಅಂಕ ಎರಡೂ ಒಂದೇ ಆದಾಗ ಮಾತ್ರ ಅವುಗಳ ಅಂತರ ಸೊನ್ನೆಯಾಗಿ, ಈ ವಿಧಾನ ಆ ಸೊನ್ನೆಯಿಂದ ಭಾಗಿಸಲು ಹೋಗಿ ನಿಂತುಬಿಡುತ್ತದೆ. ಇದಕ್ಕೆ ಹಿಂದೆ, ಆಫೀಸಿನಲ್ಲಿ ಮೊದಲ ಪ್ರದರ್ಶನದ ದಿನ ಬೆಳಗ್ಗೆ ಅದು ಹಾಗೆ ನಿಂತಿತ್ತು. ಮೀಟಿಂಗ್ ಕೋಣೆಯಲ್ಲಿ ಜನ ಸೇರುತ್ತಿದ್ದರು. ಮಗಳು ಆತುರದಲ್ಲಿ ಒಂದು ಸಾಲು ಬರೆದಳು: ಒಬ್ಬ ವ್ಯಕ್ತಿಯ ಅಂಕಗಳೆಲ್ಲ ಒಂದೇ ಆಗಿದ್ದರೆ, ಜಾಗ ಆರಿಸುವಾಗ ಅವರದನ್ನು ಸೊನ್ನೆ ಎಂದು ಹಿಡಿ, ತೃಪ್ತಿಯನ್ನು ನೂರು ಎಂದು ತೋರಿಸು. ಏಕೆ ಹೀಗೆ ಎಂದು ಮುಂದೆ ಓದುವವರಿಗೆ ತಿಳಿಯಲೆಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದಳು: 'ಏನಾದರೂ ಸರಿ ಎನ್ನುವವರು.' ಪ್ರೋಗ್ರಾಂ ಓಡಿತು. ಪ್ರದರ್ಶನ ಚೆನ್ನಾಗಿ ಆಯಿತು. ಆ ಸಾಲನ್ನು ಅವಳು ಮರೆತಳು.

ಪ್ರವಾಸದ ಯೋಜನೆ ಎಲ್ಲರ ಫೋನಿಗೂ ಬಂದಿತು. ಅಮ್ಮ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು.

"ಪುಟ್ಟಿ, ಆ ಟೆಲಿಫೋನ್ ಹಾಲ್ ಇಲ್ವಲ್ಲೇ?"

"ಅದಕ್ಕೆ ಅಷ್ಟು ಓಟು ಬಿದ್ದಿಲ್ಲಮ್ಮ. ಅಣ್ಣ ಎರಡು ಕೊಟ್ಟಿದಾನೆ, ಅಪ್ಪ ಸೊನ್ನೆ."

"ನಾನು ಹತ್ತು ಕೊಟ್ಟಿದ್ದೆ."

"ನೀನು ಎಲ್ಲದಕ್ಕೂ ಕೊಟ್ಟಿದೀಯಲ್ಲ! ಇಲ್ಲಿ ನೋಡು, ಯಾರಿಗೆ ಎಷ್ಟು ತೃಪ್ತಿ ಅಂತ ಕೆಳಗೆ ಬರುತ್ತೆ. ಅಪ್ಪಂಗೆ ತೊಂಬತ್ತೊಂದು. ಅತ್ತಿಗೆಗೆ ಎಂಬತ್ತೆರಡು. ನಂಗೆ ಬರೀ ಎಪ್ಪತ್ತು. ನಿಂಗೆ ನೂರಕ್ಕೆ ನೂರು."

ಅಮ್ಮ ಆ ನೂರನ್ನು ನೋಡಿದಳು. ತನಗೆ ಬೇಕಾದದ್ದು ಅದರಲ್ಲಿಲ್ಲ, ಆದರೂ ನೂರು ಬಂದಿದೆ. ಮಗಳು ಓದಿದವಳು, ಮಾಡಿದ ಲೆಕ್ಕ ತಪ್ಪಿರಲಾರದು. ಬಹುಶಃ ದಾರಿಯಲ್ಲಿ ಎಲ್ಲೋ ಸೇರುತ್ತದೆ ಎಂದುಕೊಂಡು ಫೋನು ಕೆಳಗಿಟ್ಟಳು.

ಬಂದರಿನ ಊರಿನಲ್ಲಿ ಎಲ್ಲವೂ ಯೋಜನೆಯಂತೆ ನಡೆಯಿತು. ಕೋಟೆಯಲ್ಲಿ ನೂಕುನುಗ್ಗಲು ಶುರುವಾಗುವ ಮೊದಲೇ ಅವರು ಇಳಿದು ಬಂದಿದ್ದರು. ಹಡಗಿನ ಮೇಲೆ ಅಪ್ಪ ಕ್ಯಾಪ್ಟನ್ನನ ಕುರ್ಚಿಯಲ್ಲಿ ಕುಳಿತು ಫೋಟೋ ತೆಗೆಸಿಕೊಂಡ. ಗಾಜಿನ ಮನೆಯಲ್ಲಿ ಅತ್ತಿಗೆ ಕೀಟ ತಿನ್ನುವ ಗಿಡವೊಂದರ ಮುಂದೆ ನಿಂತು ಅಲುಗಾಡಲಿಲ್ಲ. "ಯಾಕೆ, ಮಾವನ ಹೋಲಿಕೆ ಕಾಣ್ತಿದೆಯಾ?" ಎಂದು ಅಣ್ಣ ಪಿಸುಗುಟ್ಟಿ ಹೆಂಡತಿಯಿಂದ ಗುದ್ದಿಸಿಕೊಂಡ. ಮಗಳು ಒಳಗೊಳಗೇ ಹೆಮ್ಮೆಪಟ್ಟಳು. ಎಲ್ಲೂ ಸಾಲಿನಲ್ಲಿ ಕಾಯಲಿಲ್ಲ, ಎಲ್ಲೂ ಬಾಗಿಲು ಮುಚ್ಚಿರಲಿಲ್ಲ.

ಮರುದಿನ ಮಧ್ಯಾಹ್ನ ವ್ಯಾನು ಎಂಜಿನ್ ಯಾರ್ಡಿನ ಕಡೆ ಹೊರಟಿತು. ಹಳೆಯ ಅಂಗಡಿಗಳ ಬೀದಿಯೊಂದನ್ನು ದಾಟಿ ಸಿಗ್ನಲ್ಲಿನಲ್ಲಿ ನಿಂತಾಗ ಅಮ್ಮ ಕಿಟಕಿಗೆ ಮುಖ ತಂದಳು. ಎದುರಿಗೆ ಎತ್ತರದ ಕಿಟಕಿಗಳ ಕಲ್ಲಿನ ಕಟ್ಟಡ, ಬಾಗಿಲಿನ ಪಕ್ಕ ಟಿಕೆಟ್ ಕೊಡುವ ಗೂಡು. ಸರತಿ ಇರಲಿಲ್ಲ. ಒಳಗಿನ ಹೆಂಗಸು ಏನೋ ಓದುತ್ತ ಕುಳಿತಿದ್ದಳು.

"ರೀ," ಎಂದಳು ಅಮ್ಮ, ಅಪ್ಪನ ಕಡೆ ತಿರುಗಿ.

ಅಪ್ಪ ಕಟ್ಟಡವನ್ನು ನೋಡಿದ. ಆಮೇಲೆ ಗಡಿಯಾರ ನೋಡಿಕೊಂಡ.

"ಪುಟ್ಟಿ, ಇಲ್ಲಿ ಸ್ವಲ್ಪ ಹೊತ್ತು ಇಳಿಯೋಣ್ವಾ? ಬೇಗ ಬಂದ್ಬಿಡೋಣ," ಎಂದಳು ಅಮ್ಮ.

"ನಿಲ್ಲಿಸ್ಲಾ ಅಮ್ಮಾವ್ರೇ? ಮುಂದೆ ಜಾಗ ಇದೆ," ಎಂದ ಡ್ರೈವರ್.

"ಒಂದ್ನಿಮಿಷ," ಎಂದು ಮಗಳು ಫೋನ್ ತೆಗೆದಳು. ನಡುವೆ ಒಂದು ಜಾಗ ಸೇರಿಸಿದರೆ ಉಳಿದದ್ದು ಹೇಗೆ ಬದಲಾಗುತ್ತದೆಂದು ಪ್ರೋಗ್ರಾಂ ಕೂಡಲೇ ತೋರಿಸುತ್ತಿತ್ತು. ಇದು ಅವಳಿಗೆ ತುಂಬ ಇಷ್ಟವಾದ ಭಾಗ. "ಯಾರ್ಡಿಗೆ ನಮ್ಮದು ಟೈಮ್ ಹಾಕಿರೋ ಟಿಕೆಟ್. ಇಲ್ಲಿ ಇಳಿದ್ರೆ ಅಲ್ಲಿ ಅರ್ಧ ನೋಡೋಕೂ ಆಗಲ್ಲ. ಅಪ್ಪಂದು ತೊಂಬತ್ತೊಂದರಿಂದ ಎಪ್ಪತ್ನಾಲ್ಕಕ್ಕೆ ಇಳಿಯುತ್ತೆ."

"ನೋಡಿದ್ಯಾ!" ಎಂದ ಅಪ್ಪ.

"ನಿಂದು ನೋಡಮ್ಮ. ಇಳಿದ್ರೂ ನೂರು, ಇಳೀದಿದ್ರೂ ನೂರು. ನಿಂಗೇನೂ ವ್ಯತ್ಯಾಸ ಇಲ್ಲ."

"ಹೌದಾ?" ಎಂದಳು ಅಮ್ಮ.

"ಅತ್ತೆ ಥರ ಇರಬೇಕು ಕಣ್ರೀ," ಎಂದಳು ಅತ್ತಿಗೆ ಗಂಡನಿಗೆ. ಅದನ್ನು ಅವಳು ಮೆಚ್ಚುಗೆಯಿಂದಲೇ ಹೇಳಿದ್ದು.

ಹಸಿರು ದೀಪ ಬಂತು. ಹಿಂದಿನ ಗಾಡಿಯವನು ಹಾರ್ನ್ ಒತ್ತಿದ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಅಮ್ಮನನ್ನು ನೋಡಿ ಗೇರು ಹಾಕಿದ. ಯಾರ್ಡಿನಲ್ಲಿ ಅಪ್ಪ ಪ್ರತಿಯೊಂದು ಎಂಜಿನ್ನನ್ನೂ ಮುಟ್ಟಿ ನೋಡಿದ. ಅಮ್ಮ ಬಾಗಿಲಿನ ಹತ್ತಿರ ಬೆಂಚಿನ ಮೇಲೆ ಎಲ್ಲರ ಚೀಲಗಳನ್ನು ಕಾದು ಕುಳಿತಿದ್ದಳು.

ಋತು ಮುಗಿಯಿತು. ಎಕ್ಸ್‌ಚೇಂಜ್ ಹಾಲಿಗೆ ಬೀಗ ಬಿತ್ತು. ಅದರ ಸುದ್ದಿ ಪತ್ರಿಕೆಯಲ್ಲಿ ಬರಲಿಲ್ಲ.

ಆಫೀಸಿನಲ್ಲಿ ಕುಟುಂಬ ಪ್ರವಾಸದ ಮೊದಲ ವರದಿ ಮ್ಯಾನೇಜರನ ಮೇಜಿಗೆ ಹೋಯಿತು. ಏನು ತೋರಿಸಿದರೂ ಸರಾಸರಿ ಎಷ್ಟು ಎಂದು ಕೇಳುವ ಕಾರಣಕ್ಕೆ ಅವನನ್ನು ಎಲ್ಲರೂ ಬೆನ್ನ ಹಿಂದೆ ಸರಾಸರಿ ಸಾಹೇಬ ಎನ್ನುತ್ತಿದ್ದರು.

"ನಿಮ್ಮ ತಾಯಿಯವರದ್ದು ನೂರಾ?" ಎಂದ ಅವನು, ಕುರ್ಚಿಯಲ್ಲಿ ನೆಟ್ಟಗಾಗಿ. "ಅವರ ಹತ್ರ ಎರಡು ಮಾತು ವಿಡಿಯೋ ಮಾಡ್ಕೊಂಡು ಬನ್ನಿ. ಜಾಹೀರಾತಿಗೆ ಹಾಕೋಣ. ನೂರಕ್ಕೆ ನೂರು ಅಮ್ಮ. ಜನ ನಂಬ್ತಾರೆ."

ಭಾನುವಾರ ಬೆಳಗ್ಗೆ ಮಗಳು ಅಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಫೋನ್ ಹಿಡಿದಳು. ಅಮ್ಮ ಸೀರೆ ಬದಲಿಸಿ ಬಂದಿದ್ದಳು.

"ಪ್ರವಾಸದಲ್ಲಿ ನಿಮಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಯಾವುದು? ಅಂತ ಕೇಳ್ತೀನಿ. ನೀನು ಹೇಳು."

"ಟೆಲಿಫೋನ್ ಎಕ್ಸ್‌ಚೇಂಜ್."

ಮಗಳು ಫೋನ್ ಇಳಿಸಿದಳು. "ಅಮ್ಮಾ, ಅಲ್ಲಿಗೆ ನಾವು ಹೋಗೇ ಇಲ್ಲ."

"ನೀನು ಇಷ್ಟವಾದ್ದು ಕೇಳಿದೆ. ಹೋಗಿದ್ದು ಕೇಳಲಿಲ್ಲ."

"ತಮಾಷೆ ಮಾಡಬೇಡ, ಇದನ್ನ ಆಫೀಸಿಗೆ ಕಳಿಸ್ಬೇಕು."

"ತಮಾಷೆ ಅಲ್ಲ. ನಾನು ಅಲ್ಲಿ ಕೆಲಸದಲ್ಲಿದ್ದೆ. ಬಾಗಿಲಿನ ಕಡೆಯಿಂದ ಎರಡನೇ ಬೋರ್ಡು ನಂದು. ಹೆಡ್‌ಫೋನ್ ಹಾಕ್ಕೊಂಡ್ರೆ ಊರಲ್ಲಿ ದೊಡ್ಡ ದೊಡ್ಡೋರೆಲ್ಲ ನನ್ನನ್ನ ಕೇಳಿಯೇ ಮಾತಾಡಬೇಕಿತ್ತು. ಈಗ ಅದಕ್ಕೆ ಬೀಗ ಹಾಕಿರ್ತಾರೆ."

"ಹೇಳಬಾರದಿತ್ತಾಮ್ಮ?"

"ಹತ್ತು ಕೊಟ್ಟಿದ್ದೆನಲ್ಲ. ಪಟ್ಟೀಲಿ ಯಾಕಿಲ್ಲ ಅಂತಾನೂ ಕೇಳಿದೆ. ವ್ಯಾನಲ್ಲೂ ಕೇಳಿದೆ. ಇನ್ನು ಎಷ್ಟು ಸಲ ಹೇಳ್ಬೇಕಿತ್ತು? ಬಾಯಿ ಬಿಟ್ಟು ಕೇಳಿದೋಳಿಗೆ ನೀನು ಫೋನ್ ತೋರಿಸಿ, ನಿಂಗೇನೂ ವ್ಯತ್ಯಾಸ ಇಲ್ಲ ಅಂದೆ."

"ಅಮ್ಮ, ಅದು ನಾನಲ್ಲ, ಪ್ರೋಗ್ರಾಂ—"

"ಅದನ್ನ ಮಾಡಿದ್ದು ಯಾರು?" ಎಂದಳು ಅಮ್ಮ. ದನಿ ಏರಲಿಲ್ಲ. ಎದ್ದು ಹೋಗಿ ಹಳೆಯ ಸೀರೆ ಉಟ್ಟುಕೊಂಡು ಬಂದಳು.

ಹೊರಗೆ ಅಪ್ಪ ಗಿಡಕ್ಕೆ ನೀರು ಹಾಕುತ್ತಿದ್ದ. ಮಗಳು ನೇರ ಅವನ ಹತ್ತಿರ ಹೋದಳು. "ಅಪ್ಪ, ಅಮ್ಮ ಕೆಲಸ ಮಾಡ್ತಿದ್ದ ಕಟ್ಟಡ ಅದೇ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಡಿಪೋದಿಂದ ದಿನಾ ಅಲ್ಲಿಗೇ ಫೋನ್ ಮಾಡ್ತಿದ್ದೆ. ನಿಮ್ಮಮ್ಮನ ದನಿ ಕೇಳಿಯೇ ನಾನು ಹೆಣ್ಣು ನೋಡೋಕೆ ಹೋಗಿದ್ದು."

"ಮತ್ತೆ ವ್ಯಾನಲ್ಲಿ ಯಾಕೆ ಬಾಯಿ ಬಿಡಲಿಲ್ಲ?"

ಅಪ್ಪ ಪೈಪನ್ನು ಇನ್ನೊಂದು ಕುಂಡಕ್ಕೆ ತಿರುಗಿಸಿದ. "ಅವಳಿಗೆ ನೂರಿತ್ತಲ್ಲೇ. ನಂದು ತಾನೇ ಇಳೀತಿದ್ದದ್ದು?"

ಸೋಮವಾರ ಮಗಳು ತನ್ನ ಮೇಜಿನಲ್ಲಿ ಕುಳಿತು ಆ ಸಾಲನ್ನು ಹುಡುಕಿ ತೆಗೆದಳು. ಟಿಪ್ಪಣಿ ಅವಳದೇ ಕೈಯದು. ಅಂಕಗಳನ್ನು ಎಳೆಯುವ ವಿಧಾನವನ್ನು ಬಿಟ್ಟು, ಮನೆಯವರು ಕೊಟ್ಟ ಅಂಕಗಳನ್ನು ಕೊಟ್ಟ ಹಾಗೇ ಕೂಡಿಸಿ ಪ್ರೋಗ್ರಾಂ ಓಡಿಸಿದಳು. ಎಕ್ಸ್‌ಚೇಂಜ್ ಹಾಲ್ ಯೋಜನೆಯಲ್ಲಿ ಬಂತು, ಎಂಜಿನ್ ಯಾರ್ಡಿಗೆ ಸ್ವಲ್ಪ ಮುಂಚೆ. ಆಶ್ಚರ್ಯವೇನಿಲ್ಲ. ಹಾಲ್ ದಾರಿಯಲ್ಲೇ ಇತ್ತು, ನೋಡಲು ಬಹಳ ಹೊತ್ತು ಬೇಕಿರಲಿಲ್ಲ, ಅಮ್ಮನ ಹತ್ತು ಅಂಕ ಸೇರಿದರೆ ಅಲ್ಲಿ ಇಳಿಯುವುದು ಲಾಭದ ಮಾತೇ ಆಗಿತ್ತು. ಯಾರ್ಡಿನ ಟಿಕೆಟ್ಟನ್ನು ಆಮೇಲಿನ ಹೊತ್ತಿಗೆ ತೆಗೆದರೆ ಸಾಕಿತ್ತು. ಅಮ್ಮ ಕೊಟ್ಟ ಅಂಕ ತಪ್ಪಾಗಿರಲಿಲ್ಲ. ಅದನ್ನು ಸೊನ್ನೆ ಮಾಡಿದ್ದು ಮಗಳು.

ಪ್ರಯೋಗಕ್ಕೆ ಒಪ್ಪಿದ್ದ ಉಳಿದ ಕುಟುಂಬಗಳ ವಿವರವನ್ನೂ ತೆರೆದಳು. ಹೆಚ್ಚುಕಡಿಮೆ ಪ್ರತಿ ಕುಟುಂಬದಲ್ಲೂ ನೂರಕ್ಕೆ ನೂರು ಪಡೆದವರು ಒಬ್ಬರಿದ್ದರು. ಕೆಲವರು ಎಲ್ಲಕ್ಕೂ ಹತ್ತು ಕೊಟ್ಟಿದ್ದರು, ಕೆಲವರು ಎಲ್ಲಕ್ಕೂ ಐದು. ಹೆಂಗಸರೇ ಹೆಚ್ಚು, ಅಲ್ಲೊಬ್ಬ ಇಲ್ಲೊಬ್ಬ ಅಜ್ಜ.

ಅವಳು ಮ್ಯಾನೇಜರನ ಕೋಣೆಗೆ ಹೋಗಿ ಎಲ್ಲವನ್ನೂ ವಿವರಿಸಿದಳು. ಅವನು ಗಮನವಿಟ್ಟು ಕೇಳಿದ. ಅವನು ದಡ್ಡನಲ್ಲ.

"ಅವರನ್ನ ಬಿಟ್ಟು ಲೆಕ್ಕ ಹಾಕಿದ್ರೆ ಸರಾಸರಿ ಎಷ್ಟಕ್ಕೆ ಬರುತ್ತೆ?"

"ಎಂಬತ್ತೈದರಿಂದ ಎಂಬತ್ತೊಂದಕ್ಕೆ ಸರ್."

"ಅವರು ಯಾರಾದ್ರೂ ದೂರು ಕೊಟ್ಟಿದಾರಾ?"

"ಇಲ್ಲ."

"ಕೊಡ್ತಾರೆ ಅನ್ಸುತ್ತಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು.

"ನೋಡಿ ಮೇಡಂ, ಮುಂದಿನ ವಾರ ಬಿಡುಗಡೆ. ಎಂಬತ್ತೈದು ಅಂತ ಎಲ್ಲಾ ಕಡೆ ಹಾಕಿಯಾಗಿದೆ. ಆಮೇಲೆ ನಿಧಾನಕ್ಕೆ ಸರಿಮಾಡೋಣ. ಅಮ್ಮಂದು ವಿಡಿಯೋ ಆಯ್ತಾ?"

"ಅಮ್ಮನಿಗೆ ಹುಷಾರಿಲ್ಲ," ಎಂದಳು ಮಗಳು. ತನ್ನ ಮೇಜಿಗೆ ಹಿಂತಿರುಗಿ ಆ ಸಾಲನ್ನು ಮತ್ತೆ ನೋಡಿದಳು. ಅಳಿಸಲಿಲ್ಲ. ಪ್ರೋಗ್ರಾಂ ಬಿಡುಗಡೆಯಾಯಿತು, ಚೆನ್ನಾಗಿ ಮಾರಾಟವೂ ಆಯಿತು. ಅವಳಿಗೆ ಬಡ್ತಿ ಸಿಕ್ಕಿತು. 'ಆಮೇಲೆ' ಎನ್ನುವುದು ಬರಲಿಲ್ಲ.

ಮುಂದಿನ ರಜೆಗೆ ಅಣ್ಣ ಬೆಟ್ಟದ ಊರೊಂದನ್ನು ಸೂಚಿಸಿದ. ಮತ್ತೆ ಎಲ್ಲರೂ ಮೇಜಿನ ಸುತ್ತ ಕುಳಿತರು. ಅಪ್ಪ ತನಗೆ ಬೇಕಾದ ಮೂರಕ್ಕೆ ಹತ್ತು ಒತ್ತಿ ಫೋನ್ ಮಗುಚಿಟ್ಟ. ಅಮ್ಮನ ಫೋನ್ ಅಡುಗೆಮನೆಯ ಕಟ್ಟೆಯ ಮೇಲಿತ್ತು.

"ಅಮ್ಮ, ನಿಂದು ಹಾಕು," ಎಂದ ಅಣ್ಣ.

"ಹಾಕೋದೇನು, ಎಲ್ಲಕ್ಕೂ ಹತ್ತು ಅಂತ ನೀನೇ ಒತ್ತು," ಎಂದ ಅಪ್ಪ.

ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ನಾನು ಬರಲ್ಲ. ನನ್ನ ಹೆಸರು ತೆಗೆದ್ಬಿಡು ಪುಟ್ಟಿ."

"ಅಯ್ಯೋ, ಯಾಕತ್ತೆ? ನೀವಿಲ್ದೆ ಹೇಗೆ?" ಎಂದಳು ಅತ್ತಿಗೆ.

"ಮಂಡಿ ನೋವು," ಎಂದಳು ಅಮ್ಮ. ಅವಳ ಮಂಡಿ ಚೆನ್ನಾಗಿಯೇ ಇತ್ತು. ಮಗಳು ತಲೆ ಎತ್ತಿ ನೋಡಿದಾಗ ಅಮ್ಮ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋದಳು.

ಮಗಳು ಅಮ್ಮನ ಹೆಸರಿನ ಮುಂದೆ ಎಲ್ಲಕ್ಕೂ ಹತ್ತು ತುಂಬಿ ಒಮ್ಮೆ ಯೋಜನೆ ತೆಗೆದಳು. ಬಳಿಕ ಆ ಹೆಸರನ್ನು ಅಳಿಸಿ ಇನ್ನೊಮ್ಮೆ ತೆಗೆದಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಹಿಡಿದಳು. ಅವೇ ಜಾಗಗಳು, ಅದೇ ಸಾಲು, ಅದೇ ಹೊತ್ತು. ಒಂದು ನಿಲ್ದಾಣವೂ ಆಚೀಚೆ ಆಗಿರಲಿಲ್ಲ. ಕೆಳಗಿನ ಸರಾಸರಿ ಮಾತ್ರ ಎಂಬತ್ತಾರರಿಂದ ಎಂಬತ್ತೆರಡಕ್ಕೆ ಇಳಿದಿತ್ತು.

ಅಣ್ಣ ನೋಡಿ ತನ್ನ ಫೋನನ್ನು ಕೆಳಗಿಟ್ಟ. ಅತ್ತಿಗೆ ಅಡುಗೆಮನೆಯ ಕಡೆ ನೋಡಿದಳು.

ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. "ಇಳೀತಲ್ಲೇ. ಯಾಕೆ?"

"ಅಮ್ಮನ ಹೆಸರು ತೆಗೆದೆ, ಅದಕ್ಕೆ."

"ಹಾಗಾದ್ರೆ ಅವಳ ಹೆಸರು ಇರ್ಲಿ ಬಿಡು," ಎಂದ ಅಪ್ಪ. "ಅವಳು ಮನೇಲೇ ಇದ್ರೂ ಪರವಾಗಿಲ್ಲ."